ಜೋಸೆಫ್ ಯಾಡಸೋನ್

ಜೋಸೆಫ್ ಯಾಡಸೋನ್ (10 ಸೆಪ್ಟೆಂಬರ್ 1863 – 24 ಮಾರ್ಚ್ 1936) ಜರ್ಮನಿಯ ಪ್ರಸಿದ್ಧ ಚರ್ಮರೋಗ ತಜ್ಞರು, ಅಧ್ಯಾಪಕರು ಮತ್ತು ಗ್ರಂಥಸಂಪಾದಕರು. ನೆತ್ತಿಯ ಮೇಲೆ ಹುಟ್ಟಿನಿಂದಲೇ ಕಾಣಿಸಿಕೊಳ್ಳುವ ಒಂದು ಬಗೆಯ ಹಳದಿ ಮಚ್ಚೆಯ ಒಳರಚನೆಯನ್ನು ಅವರು 1895ರಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ವಿವರಿಸಿದರು. ಮುಂದೆ ಆ ಮಚ್ಚೆಗೆ ಯಾಡಸೋನ್ ಮೇದೋಗ್ರಂಥಿ ಮಚ್ಚೆ, ವೈದ್ಯರ ಭಾಷೆಯಲ್ಲಿ 'ನೀವಸ್ ಸೆಬೇಸಿಯಸ್', ಎಂಬ ಹೆಸರು ಬಂತು. ಹುಟ್ಟುಮಚ್ಚೆಯೊಳಗೆ ಚರ್ಮದ ಕ್ಯಾನ್ಸರ್ ಬೆಳೆಯಬಹುದೇ, ಬೆಳೆಯುವುದಾದರೆ ಎಷ್ಟು ಜನರಲ್ಲಿ, ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆಗಳ ಚರ್ಚೆಯಲ್ಲಿ ಇಂದಿಗೂ ಮೊದಲು ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು. ಚರ್ಮದ ಅಲರ್ಜಿಯನ್ನು ಪತ್ತೆಹಚ್ಚುವ ಪ್ಯಾಚ್ ಪರೀಕ್ಷೆಯ ಜನಕರೆಂದೂ ಯಾಡಸೋನ್ ಪರಿಗಣಿತರಾಗಿದ್ದಾರೆ. ಅವರ ಹೆಸರಿನ ಮೊದಲಕ್ಷರವನ್ನು ಜರ್ಮನ್ ಭಾಷೆಯಲ್ಲಿ 'ಯ' ಎಂದೇ ಉಚ್ಚರಿಸುತ್ತಾರೆ. ಇಂಗ್ಲಿಷಿನ ಮೂಲಕ ಓದುವವರಲ್ಲಿ 'ಜಡಸನ್' ಎಂಬ ರೂಪವೂ ಬಳಕೆಯಲ್ಲಿದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ಯಾಡಸೋನ್ ಹುಟ್ಟಿದ್ದು ಅಂದಿನ ಪ್ರಷ್ಯಾ ರಾಜ್ಯದ ಸಿಲೇಷಿಯಾ ಪ್ರಾಂತದ ಲೀಗ್ನಿಟ್ಸ್ ಪಟ್ಟಣದಲ್ಲಿ, ಯಹೂದಿ ಕುಟುಂಬವೊಂದರಲ್ಲಿ. ಎರಡನೆಯ ಮಹಾಯುದ್ಧದ ನಂತರ ಈ ಪಟ್ಟಣ ಪೋಲೆಂಡಿಗೆ ಸೇರಿ ಲೆಗ್ನಿತ್ಸಾ ಎಂಬ ಹೆಸರು ಪಡೆಯಿತು. ಗಾಟಿಂಗೆನ್, ಬ್ರೆಸ್ಲಾವ್, ಹೈಡಲ್‌ಬರ್ಗ್ ಮತ್ತು ಲೈಪ್ಸಿಗ್ ವಿಶ್ವವಿದ್ಯಾಲಯಗಳಲ್ಲಿ ಅವರು ವೈದ್ಯಶಾಸ್ತ್ರ ವ್ಯಾಸಂಗ ಮಾಡಿದರು. ಒಂದೇ ವಿಶ್ವವಿದ್ಯಾಲಯದಲ್ಲಿ ನೆಲೆ ನಿಲ್ಲದೆ ಊರಿಂದೂರಿಗೆ ಹೋಗಿ ಬೇರೆ ಬೇರೆ ಗುರುಗಳ ಬಳಿ ಕಲಿಯುವುದು ಆ ಕಾಲದ ಜರ್ಮನ್ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದ್ದ ಪದ್ಧತಿ. 1880ರ ದಶಕದ ಉತ್ತರಾರ್ಧದಲ್ಲಿ ಡಾಕ್ಟರ್ ಪದವಿ ಪಡೆದ ಬಳಿಕ ಬ್ರೆಸ್ಲಾವ್ ನಗರದ ಆಲ್ಲರ್‌ಹೈಲಿಗನ್ ಆಸ್ಪತ್ರೆಯಲ್ಲಿ ಆಲ್ಬರ್ಟ್ ನೈಸರ್ ಅವರ ಸಹಾಯಕರಾಗಿ ಸೇರಿದರು.

ನೈಸರ್ ಅವರ ಬಳಿ

ಆಲ್ಬರ್ಟ್ ನೈಸರ್ 1879ರಲ್ಲಿ ಗೊನೋರಿಯಾ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದು, ಇಪ್ಪತ್ತನಾಲ್ಕನೆಯ ವಯಸ್ಸಿಗೇ ಹೆಸರಾದವರು. ಅವರ ವಿಭಾಗದಲ್ಲಿ ಚರ್ಮರೋಗಗಳಿಗೂ ಲೈಂಗಿಕ ರೋಗಗಳಿಗೂ ಒಂದೇ ಸೂರಿನಡಿ ಚಿಕಿತ್ಸೆ ನಡೆಯುತ್ತಿತ್ತು. ಸಿಫಿಲಿಸ್ ರೋಗ ಮೊದಲು ಚರ್ಮದ ಮೇಲೆ ಕಾಣಿಸುತ್ತಿದ್ದುದರಿಂದ ಈ ಎರಡು ಶಾಖೆಗಳು ಯುರೋಪಿನಲ್ಲಿ ಜೊತೆಯಾಗಿಯೇ ಬೆಳೆದಿದ್ದವು. ಯಾಡಸೋನ್ ಅಲ್ಲಿ ರೋಗಿಯ ಮೈಮೇಲೆ ಕಂಡದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದರೊಂದಿಗೆ ತಾಳೆ ನೋಡುವ ಕ್ರಮವನ್ನು ರೂಢಿಸಿಕೊಂಡರು. ಅವರ ಮುಂದಿನ ಬರಹಗಳೆಲ್ಲವೂ ಈ ಅಭ್ಯಾಸದ ಫಲಗಳೇ. ಚರ್ಮದ ಸ್ಥಿತಿಸ್ಥಾಪಕ ಎಳೆಗಳು ನಶಿಸಿ ಅಲ್ಲಲ್ಲಿ ಚರ್ಮ ಸಡಿಲಗೊಂಡು ಸುಕ್ಕಾಗುವ, ಈಗ 'ಅನೆಟೋಡರ್ಮ' ಎಂದು ಕರೆಯಲಾಗುವ ಸ್ಥಿತಿಯನ್ನು 1890ರ ದಶಕದ ಆರಂಭದಲ್ಲಿಯೇ ಅವರು ವಿವರಿಸಿದ್ದರು.

ಆ ಆಸ್ಪತ್ರೆಯ ಚರಿತ್ರೆಯಲ್ಲಿ ಕಪ್ಪು ಅಧ್ಯಾಯವೊಂದೂ ಇದೆ. ಸಿಫಿಲಿಸ್ ವಿರುದ್ಧ ರೋಗನಿರೋಧಕ ಶಕ್ತಿ ಉಂಟಾಗುವುದೇ ಎಂದು ತಿಳಿಯಲು ನೈಸರ್ 1892ರ ಸುಮಾರಿಗೆ, ಸಿಫಿಲಿಸ್ ರೋಗಿಗಳ ರಕ್ತದ ಸೀರಮ್ಮನ್ನು ಬೇರೆ ಕಾರಣಗಳಿಗಾಗಿ ದಾಖಲಾಗಿದ್ದ ಹೆಣ್ಣುಮಕ್ಕಳಿಗೆ, ಅವರ ಒಪ್ಪಿಗೆ ಪಡೆಯದೆಯೇ ಚುಚ್ಚಿದ್ದರು. ಅವರಲ್ಲಿ ಕೆಲವರಿಗೆ ಮುಂದೆ ಸಿಫಿಲಿಸ್ ತಗುಲಿತು. ದಶಕದ ಕೊನೆಯಲ್ಲಿ ಈ ಸಂಗತಿ ಪತ್ರಿಕೆಗಳ ಮೂಲಕ ಬಯಲಾದಾಗ ದೊಡ್ಡ ಗದ್ದಲವೆದ್ದು, ನೈಸರ್ ಅವರಿಗೆ ದಂಡ ವಿಧಿಸಲಾಯಿತು. 1900ರಲ್ಲಿ ಪ್ರಷ್ಯಾ ಸರ್ಕಾರ ರೋಗಿಯ ಸಮ್ಮತಿಯಿಲ್ಲದೆ ಹಾಗೂ ಅಪ್ರಾಪ್ತ ವಯಸ್ಕರ ಮೇಲೆ ಇಂತಹ ಪ್ರಯೋಗಗಳನ್ನು ನಡೆಸುವಂತಿಲ್ಲವೆಂಬ ನಿರ್ದೇಶನ ಹೊರಡಿಸಿತು. ವೈದ್ಯಕೀಯ ನೀತಿಯ ಚರಿತ್ರೆಯಲ್ಲಿ ಇದನ್ನು ಈ ಬಗೆಯ ಮೊದಲ ಸರ್ಕಾರಿ ನಿಯಮಗಳಲ್ಲಿ ಒಂದೆಂದು ಎಣಿಸುತ್ತಾರೆ. ಅಷ್ಟು ಹೊತ್ತಿಗೆ ಯಾಡಸೋನ್ ಬ್ರೆಸ್ಲಾವ್ ಬಿಟ್ಟು ಸ್ವಿಟ್ಜರ್ಲೆಂಡಿನಲ್ಲಿದ್ದರು.

ಹುಟ್ಟುಮಚ್ಚೆಗಳ ಅಧ್ಯಯನ

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ 'ನೀವಸ್' ಎಂಬ ಲ್ಯಾಟಿನ್ ಪದ ಹುಟ್ಟಿನಿಂದ ಬಂದ ಯಾವುದೇ ಕಲೆಗೂ ಸಲ್ಲುತ್ತಿತ್ತು. ಕಪ್ಪು ಮಚ್ಚೆ, ರಕ್ತನಾಳಗಳ ಕೆಂಪು ಮಚ್ಚೆ, ನರುಲಿಯಂತಹ ಗಂಟು ಎಲ್ಲಕ್ಕೂ ಅದೊಂದೇ ಹೆಸರು. ಯಾಡಸೋನ್ 1895ರಲ್ಲಿ ಚರ್ಮರೋಗಗಳ ಪ್ರಮುಖ ಜರ್ಮನ್ ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನ, ಮೈಮೇಲೆ ನಿರ್ದಿಷ್ಟ ರೇಖೆಗಳಲ್ಲಿ ಹರಡುವ ಮಚ್ಚೆಗಳ ಮತ್ತು ಮೇದೋಗ್ರಂಥಿಗಳಿಂದಾದ ಮಚ್ಚೆಗಳ ಅಂಗಾಂಶ ರಚನೆಯನ್ನು ಕುರಿತದ್ದು. ಕೆಲವು ಹುಟ್ಟುಮಚ್ಚೆಗಳಲ್ಲಿ ವರ್ಣದ್ರವ್ಯದ ಕೋಶಗಳ ಬದಲು ಚರ್ಮದ ಎಣ್ಣೆಯನ್ನು ಸ್ರವಿಸುವ ಮೇದೋಗ್ರಂಥಿಗಳೇ ಮಿತಿಮೀರಿ ಬೆಳೆದಿರುತ್ತವೆ, ಅವುಗಳ ಸುತ್ತಲಿನ ಕೂದಲಿನ ಬುಡಗಳು ಅಪೂರ್ಣವಾಗಿರುತ್ತವೆ ಎಂಬುದನ್ನು ಅವರು ತೋರಿಸಿದರು. ಚರ್ಮದ ಸಹಜ ಅವಯವಗಳೇ ತಪ್ಪು ಪ್ರಮಾಣದಲ್ಲಿ ಸೇರಿ ಆದ ಇಂತಹ ರಚನೆಗೆ 'ಅವಯವರೂಪಿ ಮಚ್ಚೆ' ಎಂಬ ಅರ್ಥದ ಹೆಸರೂ ಚಾಲ್ತಿಗೆ ಬಂತು. 1932ರಲ್ಲಿ ಅಮೆರಿಕದ ವೈದ್ಯರೊಬ್ಬರು ನಾಲ್ಕು ಪ್ರಕರಣಗಳನ್ನು ವರದಿ ಮಾಡುವಾಗ ಮಚ್ಚೆಯ ಹೆಸರಿನೊಂದಿಗೆ ಯಾಡಸೋನ್ ಅವರ ಹೆಸರನ್ನು ಜೋಡಿಸಿದರು. ಅಂದಿನಿಂದ ಆ ಜೋಡಣೆ ಉಳಿದುಕೊಂಡಿತು.

ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ಮೂವರಿಗೆ ಈ ಮಚ್ಚೆ ಇರುತ್ತದೆ. ಸಾಮಾನ್ಯವಾಗಿ ನೆತ್ತಿಯ ಮೇಲೆ, ಕೆಲವೊಮ್ಮೆ ಮುಖ ಅಥವಾ ಕುತ್ತಿಗೆಯ ಮೇಲೆ, ಕೂದಲಿಲ್ಲದ, ಹಳದಿ ಇಲ್ಲವೆ ಕಿತ್ತಳೆ ಛಾಯೆಯ ನುಣುಪಾದ ತೇಪೆಯಂತೆ ಇದು ಕಾಣಿಸುತ್ತದೆ. ಬಾಲ್ಯದಲ್ಲಿ ಹೆಚ್ಚು ಬದಲಾಗದೆ ಚಪ್ಪಟೆಯಾಗಿಯೇ ಇರುವುದರಿಂದ ಮನೆಯವರು ಕೂದಲು ಹುಟ್ಟದ ಜಾಗವೆಂದು ಸುಮ್ಮನಾಗುವುದುಂಟು. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವಕ್ಕೆ ಒಳಗಾಗಿ ಮೇದೋಗ್ರಂಥಿಗಳು ಹಿಗ್ಗಿ ಮಚ್ಚೆ ದಪ್ಪವಾಗುತ್ತದೆ, ಅದರ ಮೇಲ್ಮೈ ನರುಲಿಯಂತೆ ಒರಟಾಗುತ್ತದೆ. ವಯಸ್ಕರಲ್ಲಿ, ಅದರಲ್ಲೂ ನಡುವಯಸ್ಸು ದಾಟಿದವರಲ್ಲಿ, ಮಚ್ಚೆಯೊಳಗೆ ಹೊಸ ಗಡ್ಡೆಗಳು ಕಾಣಿಸಿಕೊಳ್ಳಬಹುದು. ಹೀಗೆ ಮೂರು ಘಟ್ಟಗಳಲ್ಲಿ ಮಚ್ಚೆಯ ಜೀವನಕ್ರಮವನ್ನು ಗುರುತಿಸಿದವರು ಅಮೆರಿಕದ ಮೆಹ್ರೆಗಾನ್ ಮತ್ತು ಪಿಂಕಸ್. ಅವರ ಅಧ್ಯಯನ ಪ್ರಕಟವಾದದ್ದು 1965ರಲ್ಲಿ, ಅಂದರೆ ಯಾಡಸೋನ್ ಅವರ ಲೇಖನ ಬಂದ ಎಪ್ಪತ್ತು ವರ್ಷಗಳ ಬಳಿಕ.

ಮಚ್ಚೆಯೊಳಗಿನ ಕ್ಯಾನ್ಸರ್ ಕುರಿತ ವಿವಾದ

ಯಾಡಸೋನ್ ಮಚ್ಚೆಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಬೆಳೆಯುವ ಸಾಧ್ಯತೆ ಶೇ. 5ರಿಂದ 20ರವರೆಗೆ ಇದೆಯೆಂದು ಇಪ್ಪತ್ತನೆಯ ಶತಮಾನದ ಹಲವು ವರದಿಗಳು ಹೇಳಿದವು. ಅದರ ಪರಿಣಾಮ ಸಣ್ಣದಲ್ಲ. ಯಾವ ತೊಂದರೆಯೂ ಇಲ್ಲದ ಮಕ್ಕಳ ನೆತ್ತಿಯಿಂದಲೂ, ಹರೆಯ ಬರುವ ಮೊದಲೇ, ಮುನ್ನೆಚ್ಚರಿಕೆಗಾಗಿ ಮಚ್ಚೆಯನ್ನು ಕತ್ತರಿಸಿ ತೆಗೆಯುವುದು ಅನೇಕ ಆಸ್ಪತ್ರೆಗಳಲ್ಲಿ ವಾಡಿಕೆಯಾಯಿತು. ಮಗುವಿಗೆ ಅರಿವಳಿಕೆ ಕೊಡುವುದರ ಅಪಾಯ, ಶಸ್ತ್ರಚಿಕಿತ್ಸೆಯ ಕಲೆ, ತಂದೆತಾಯಿಗಳ ಆತಂಕ ಎಲ್ಲವೂ ಆ ಒಂದು ಅಂಕಿಯನ್ನು ನಂಬಿ ನಡೆದವು.

ಆದರೆ ಅಂಕಿಯೇ ಪ್ರಶ್ನಾರ್ಹವಾಗಿತ್ತು. ಕೂದಲಿನ ಬುಡದ ಕೋಶಗಳಿಂದ ಹುಟ್ಟುವ 'ಟ್ರೈಕೋಬ್ಲಾಸ್ಟೋಮ' ಎಂಬ ನಿರಪಾಯಕಾರಿ ಗಡ್ಡೆ ಸೂಕ್ಷ್ಮದರ್ಶಕದಲ್ಲಿ ಬೇಸಲ್ ಸೆಲ್ ಕಾರ್ಸಿನೋಮವನ್ನು ಬಹುವಾಗಿ ಹೋಲುತ್ತದೆ. ಹಿಂದಿನ ಅನೇಕ ವರದಿಗಳಲ್ಲಿ ಮೊದಲನೆಯದನ್ನು ಎರಡನೆಯದೆಂದು ತಪ್ಪಾಗಿ ಗುರುತಿಸಲಾಗಿತ್ತು ಎಂಬುದು ಈಗಿನ ತಜ್ಞರ ಅಭಿಪ್ರಾಯ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಕ್ರಿಬಿಯೇ ಮತ್ತು ಸಂಗಡಿಗರು 596 ಮಚ್ಚೆಗಳ ಮಾದರಿಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿಜವಾದ ಬೇಸಲ್ ಸೆಲ್ ಕಾರ್ಸಿನೋಮ ಕಂಡುಬಂದದ್ದು ಶೇ. 1ಕ್ಕೂ ಕಡಿಮೆ ಪ್ರಕರಣಗಳಲ್ಲಿ. ಟ್ರೈಕೋಬ್ಲಾಸ್ಟೋಮ ಸುಮಾರು ಶೇ. 5ರಷ್ಟಿತ್ತು, ಬೆವರುಗ್ರಂಥಿಗಳಿಗೆ ಸಂಬಂಧಿಸಿದ ಇನ್ನೊಂದು ನಿರಪಾಯಕಾರಿ ಗಡ್ಡೆಯೂ ಹೆಚ್ಚುಕಡಿಮೆ ಅಷ್ಟೇ. ಈ ಗಡ್ಡೆಗಳಲ್ಲಿ ಹೆಚ್ಚಿನವು ವಯಸ್ಕರವು. ಆ ಬಳಿಕ ಮಚ್ಚೆಯನ್ನು ಎಲ್ಲ ಮಕ್ಕಳಲ್ಲೂ ಕಡ್ಡಾಯವಾಗಿ ತೆಗೆಯಬೇಕೆಂಬ ವಾದ ಸಡಿಲಗೊಂಡಿತು. ಗಮನಿಸುತ್ತಾ ಹೋಗಿ, ಗಂಟು, ಹುಣ್ಣು, ರಕ್ತ ಒಸರುವುದು ಅಥವಾ ವೇಗದ ಬೆಳವಣಿಗೆ ಕಂಡರೆ ಬಯಾಪ್ಸಿ ಮಾಡಿಸುವುದು ಇಂದು ಅನೇಕ ವೈದ್ಯರು ಅನುಸರಿಸುವ ಮಾರ್ಗ. ನೋಟದ ಕಾರಣಕ್ಕೆ ಅಥವಾ ಮುಂದಿನ ಚಿಂತೆ ಬೇಡವೆಂದು ತೆಗೆಸಿಕೊಳ್ಳುವವರೂ ಇದ್ದಾರೆ. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಅಪಾಯ ಕಡಿಮೆಯೆಂದರೆ ಇಲ್ಲವೆಂದಲ್ಲ. ಅಪರೂಪಕ್ಕೆ ಈ ಮಚ್ಚೆಯಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಹಾಗೂ ಮೇದೋಗ್ರಂಥಿಯ ಕ್ಯಾನ್ಸರ್ ಕೂಡ ವರದಿಯಾಗಿವೆ.

ಈ ಮಚ್ಚೆಯನ್ನು ಹುಟ್ಟಿನಿಂದ ಬರುವ ಕಪ್ಪು ಅಥವಾ ಕಂದು ಮಚ್ಚೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಕಪ್ಪು ಹುಟ್ಟುಮಚ್ಚೆ ವರ್ಣದ್ರವ್ಯ ತಯಾರಿಸುವ ಕೋಶಗಳಿಂದ ಆದದ್ದು, ಅದರಲ್ಲಿ ಬೆಳೆಯಬಹುದಾದ ಕ್ಯಾನ್ಸರ್ ಮೆಲನೋಮ. ಸಣ್ಣ ಮಚ್ಚೆಗಳಲ್ಲಿ ಇದರ ಸಾಧ್ಯತೆ ಬಹಳ ಕಡಿಮೆ, ಕಂಡರೂ ಸಾಮಾನ್ಯವಾಗಿ ಹರೆಯ ದಾಟಿದ ಮೇಲೆ. ಪೂರ್ಣ ಬೆಳೆದಾಗ 20 ಸೆಂಟಿಮೀಟರಿಗೂ ಮೀರುವ ದೊಡ್ಡ ಮಚ್ಚೆಗಳಲ್ಲಿ ಅಪಾಯ ಹೆಚ್ಚು, ಮತ್ತು ಅದು ಬಾಲ್ಯದಲ್ಲಿಯೇ ಎದುರಾಗಬಹುದು. ಆದುದರಿಂದ ಎರಡಕ್ಕೂ ಒಂದೇ ಸಲಹೆ ಅನ್ವಯಿಸದು.

ಮಚ್ಚೆಯ ಮೂಲಕಾರಣ ತಿಳಿದದ್ದು ತೀರ ಈಚೆಗೆ. ಭ್ರೂಣದ ಬೆಳವಣಿಗೆಯ ಹಂತದಲ್ಲಿ ಒಂದು ಕೋಶದ ಎಚ್‌ರಾಸ್ ಅಥವಾ, ಕೆಲವೇ ಪ್ರಕರಣಗಳಲ್ಲಿ, ಕೆರಾಸ್ ಜೀನಿನಲ್ಲಿ ಆಗುವ ಬದಲಾವಣೆ ಅದರ ಸಂತತಿಯ ಕೋಶಗಳಲ್ಲಿ ಮಾತ್ರ ಉಳಿದು ಈ ಮಚ್ಚೆಯನ್ನು ಉಂಟುಮಾಡುತ್ತದೆ ಎಂದು 2012ರಲ್ಲಿ ಸಂಶೋಧಕರು ತೋರಿಸಿದರು. ಪರೀಕ್ಷಿಸಿದ 65 ಮಚ್ಚೆಗಳಲ್ಲಿ 62ರಲ್ಲಿ ಎಚ್‌ರಾಸ್, 3ರಲ್ಲಿ ಕೆರಾಸ್ ಬದಲಾವಣೆ ಕಂಡುಬಂತು. ಮಚ್ಚೆಯೊಳಗೆ ಹುಟ್ಟಿದ ಗಡ್ಡೆಗಳಲ್ಲೂ ಅದೇ ಬದಲಾವಣೆ ಇತ್ತು. ಈ ಬದಲಾವಣೆ ದೇಹದ ಎಲ್ಲ ಕೋಶಗಳಲ್ಲಿ ಇರುವುದಿಲ್ಲವಾದ್ದರಿಂದ ಮಚ್ಚೆ ಸಾಮಾನ್ಯವಾಗಿ ತಂದೆತಾಯಿಯಿಂದ ಮಕ್ಕಳಿಗೆ ಬರುವುದಿಲ್ಲ. ಬದಲಾವಣೆ ಭ್ರೂಣದಲ್ಲಿ ಇನ್ನೂ ಮೊದಲೇ ಆದಲ್ಲಿ ವಿಸ್ತಾರವಾದ ಮಚ್ಚೆಯ ಜೊತೆಗೆ ಮೆದುಳು, ಕಣ್ಣು ಮತ್ತು ಮೂಳೆಗಳ ತೊಂದರೆಗಳೂ ಕಾಣಿಸಿಕೊಳ್ಳುತ್ತವೆ. 1957ರಲ್ಲಿ ವರದಿಯಾದ ಈ ಸ್ಥಿತಿಗೆ ಶಿಮ್ಮೆಲ್‌ಪೆನಿಂಗ್ ಸಿಂಡ್ರೋಮ್ ಎಂದು ಹೆಸರು.

ಪ್ಯಾಚ್ ಪರೀಕ್ಷೆ

1895ರ ವರ್ಷವೇ ಯಾಡಸೋನ್ ಅವರ ಬದುಕಿನ ಇನ್ನೊಂದು ಮುಖ್ಯ ಕಾರ್ಯಕ್ಕೂ ಸಾಕ್ಷಿಯಾಯಿತು. ಪಾದರಸ ಅಂದು ಸಿಫಿಲಿಸ್ ಚಿಕಿತ್ಸೆಯ ಮುಖ್ಯ ಔಷಧ. ಪಾದರಸ ಬಳಸಿದ ಕೆಲವು ರೋಗಿಗಳಲ್ಲಿ ಮಾತ್ರ ಇಸುಬು ಏಳುತ್ತಿದ್ದುದನ್ನು ಗಮನಿಸಿದ ಅವರು, ಅಂತಹವರ ಆರೋಗ್ಯವಂತ ಚರ್ಮದ ಸಣ್ಣ ಜಾಗಕ್ಕೆ ಪಾದರಸದ ಪಟ್ಟಿಯನ್ನು ಅಂಟಿಸಿ ಕಾದು ನೋಡಿದರು. ಪಟ್ಟಿ ಇಟ್ಟ ಜಾಗದಲ್ಲಿ ಮಾತ್ರ ಅದೇ ಇಸುಬು ಮರುಕಳಿಸಿತು. ಗ್ರಾಟ್ಸ್ ನಗರದಲ್ಲಿ ನಡೆದ ಜರ್ಮನ್ ಚರ್ಮರೋಗ ಸಂಘದ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು, ಮರುವರ್ಷ ಅದು ಅಚ್ಚಾಯಿತು. ಅಲರ್ಜಿ ಎಂಬ ಪದವನ್ನು ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದ್ದು 1906ರಲ್ಲಿ. ಆ ವಿಷಯಕ್ಕೆ ಹೆಸರು ಹುಟ್ಟುವ ಮೊದಲೇ ಅದರ ಪರೀಕ್ಷೆ ಹುಟ್ಟಿತ್ತು.

ಇದಕ್ಕೂ ಹಿಂದೆ, 1847ರಲ್ಲಿ, ಸ್ಟೇಡೆಲರ್ ಎಂಬ ರಸಾಯನಶಾಸ್ತ್ರಜ್ಞ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಹೀರುಕಾಗದದಲ್ಲಿ ಅದ್ದಿ ಚರ್ಮಕ್ಕೆ ಇಟ್ಟು ನೋಡಿದ್ದುಂಟು. ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಆ ಎಣ್ಣೆ ಕೈಗೆ ತಾಗಿದರೆ ಏನಾಗುವುದೆಂದು ಹೇಳಿಕೊಡಬೇಕಾಗಿಲ್ಲ. ಆದರೆ ರೋಗಿಗೆ ಒಗ್ಗದ ವಸ್ತುವನ್ನು ಪತ್ತೆಹಚ್ಚುವ ಚಿಕಿತ್ಸಾಲಯದ ವಿಧಾನವಾಗಿ ಇದನ್ನು ರೂಪಿಸಿದ ಶ್ರೇಯಸ್ಸು ಯಾಡಸೋನ್ ಅವರದ್ದೇ. ಅವರ ಶಿಷ್ಯ ಬ್ರೂನೋ ಬ್ಲಾಕ್ ಅದನ್ನು ಸ್ವಿಟ್ಜರ್ಲೆಂಡಿನಲ್ಲಿ ವಿಸ್ತರಿಸಿದರು. ಬ್ಲಾಕ್ ಮತ್ತು ಯಾಡಸೋನ್ ಇಬ್ಬರ ಬಳಿಯೂ ಕಲಿತ ಮರಿಯನ್ ಸಲ್ಜ್‌ಬರ್ಗರ್ ಅಮೆರಿಕಕ್ಕೆ ಒಯ್ದರು. ಇಂದು ಸಿಮೆಂಟು, ಕೂದಲಿಗೆ ಹಚ್ಚುವ ಬಣ್ಣ, ನಿಕ್ಕಲ್ ಆಭರಣಗಳಿಂದ ಆಗುವ ಅಲರ್ಜಿಯನ್ನು ಗುರುತಿಸಲು ಎಲ್ಲೆಡೆ ಇದೇ ಪರೀಕ್ಷೆ ಬಳಕೆಯಲ್ಲಿದೆ. ಕರ್ನಾಟಕದ ಬೀದಿಬದಿ, ಹೊಲಗಳಲ್ಲಿ ಹಬ್ಬಿರುವ ಪಾರ್ಥೇನಿಯಂ ಗಿಡದಿಂದ ಉಂಟಾಗುವ ಇಸುಬಿನ ಪತ್ತೆಗೂ ಇದೇ ಆಧಾರ.

ಬರ್ನ್ ನಗರದಲ್ಲಿ

1896ರಲ್ಲಿ ಎಡ್ಮಂಡ್ ಲೆಸ್ಸರ್ ಬರ್ಲಿನ್‌ಗೆ ತೆರಳಿದಾಗ ತೆರವಾದ ಬರ್ನ್ ವಿಶ್ವವಿದ್ಯಾಲಯದ ಚರ್ಮರೋಗ ಚಿಕಿತ್ಸಾಲಯದ ನಿರ್ದೇಶಕ ಸ್ಥಾನಕ್ಕೆ ಯಾಡಸೋನ್ ನೇಮಕಗೊಂಡರು. ಆಗ ಅವರಿಗೆ ಮೂವತ್ತಮೂರರ ಹರೆಯ. ಮುಂದಿನ ಇಪ್ಪತ್ತೊಂದು ವರ್ಷಗಳನ್ನು ಅವರು ಅಲ್ಲಿಯೇ ಕಳೆದರು. 1904ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಚರ್ಮರೋಗಗಳ ಕೈಪಿಡಿಗೆ ಅವರು ಬರೆದ ಅಧ್ಯಾಯ, ಲೂಪಸ್ ಎಂಬ ರೋಗ ಚರ್ಮಕ್ಕಷ್ಟೇ ಸೀಮಿತವಲ್ಲ, ದೇಹದ ಒಳಾಂಗಗಳಿಗೂ ಹರಡಬಲ್ಲದು ಎಂಬ ತಿಳಿವಳಿಕೆಯನ್ನು ಗಟ್ಟಿಗೊಳಿಸಿತು. ಅಮೆರಿಕದಲ್ಲಿ ವಿಲಿಯಂ ಓಸ್ಲರ್ ಮಾಡಿದ ಕೆಲಸದೊಂದಿಗೆ ಇದನ್ನು ಸೇರಿಸಿ ಹೇಳುವುದು ವಾಡಿಕೆ. ಹಲವು ಪುಸ್ತಕಗಳು ಈ ಸಂದರ್ಭದಲ್ಲಿ ಯಾಡಸೋನ್ ಅವರನ್ನು ವಿಯೆನ್ನಾದ ವೈದ್ಯರೆಂದು ಬರೆಯುತ್ತವೆ. ವಿಯೆನ್ನಾ ಗ್ರಂಥ ಪ್ರಕಟವಾದ ಊರು ಮಾತ್ರ, ಅವರು ಇದ್ದದ್ದು ಬರ್ನ್‌ನಲ್ಲಿ.

1906ರಲ್ಲಿ ಫೆಲಿಕ್ಸ್ ಲೆವಾಂಡೋವ್ಸ್ಕಿ ಅವರೊಂದಿಗೆ ಸೇರಿ, ಉಗುರುಗಳು ಹುಟ್ಟಿನಿಂದ ಅಥವಾ ಎಳವೆಯಿಂದಲೇ ವಿಪರೀತ ದಪ್ಪವಾಗಿ, ಅಂಗಾಲುಗಳಲ್ಲಿ ನೋವಿನ ಗಟ್ಟಿ ಚರ್ಮ ಬೆಳೆಯುವ ಆನುವಂಶಿಕ ರೋಗವೊಂದನ್ನು ವಿವರಿಸಿದರು. ಕೆರಟಿನ್ ಎಂಬ ಪ್ರೋಟೀನಿನ ಜೀನುಗಳ ದೋಷದಿಂದ ಇದು ಬರುತ್ತದೆಂದು 1990ರ ದಶಕದಲ್ಲಿ ತಿಳಿದುಬಂತು. ಅದೇ 1906ರಲ್ಲಿ ಅವರ ಶಿಷ್ಯ ಮ್ಯಾಕ್ಸ್ ಟಿಯೆಷ್ 'ನೀಲಿ ಮಚ್ಚೆ'ಯನ್ನು ವಿವರಿಸುವ ಲೇಖನ ಪ್ರಕಟಿಸಿದರು. ವರ್ಣದ್ರವ್ಯದ ಕೋಶಗಳು ಚರ್ಮದ ಆಳದಲ್ಲಿ ಇರುವುದರಿಂದ ಕಪ್ಪಾಗಿ ಕಾಣಬೇಕಾದ ಈ ಮಚ್ಚೆ ನೀಲಿಯಾಗಿ ಕಾಣುತ್ತದೆ, ನೋಟದಲ್ಲಿ ಮೆಲನೋಮವೆಂಬ ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ನಿರಪಾಯಕಾರಿ. ಯಾವ ಮಚ್ಚೆಗೆ ಹೆದರಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬ ವಿಂಗಡಣೆಯಲ್ಲಿ ಬರ್ನ್ ಚಿಕಿತ್ಸಾಲಯದ ಪಾತ್ರ ಹೀಗೆ ದಾಖಲಾಗಿದೆ ಎನ್ನಬಹುದು. ಯಾಡಸೋನ್ ಬರೆದ ಇತರ ವಿಷಯಗಳಲ್ಲಿ ಮಕ್ಕಳ ಮೂಗಿನ ತುದಿ ಕೆಂಪಾಗಿ ಬೆವರುವ ಒಂದು ಸ್ಥಿತಿ, ಚರ್ಮದ ಕ್ಷಯ ಮತ್ತು ಕುಷ್ಠರೋಗ ಸೇರಿವೆ.

ಮರಳಿ ಬ್ರೆಸ್ಲಾವ್‌ಗೆ

ನೈಸರ್ 1916ರಲ್ಲಿ ನಿಧನರಾದರು. ಮರುವರ್ಷ ಯಾಡಸೋನ್ ಗುರುವಿನ ಸ್ಥಾನಕ್ಕೆ ಬಂದರು. ಅದು ಮೊದಲನೆಯ ಮಹಾಯುದ್ಧದ ಮೂರನೆಯ ವರ್ಷ. ಯುದ್ಧದಿಂದ ದೂರವಿದ್ದ ಸ್ವಿಟ್ಜರ್ಲೆಂಡಿನ ಭದ್ರ ಹುದ್ದೆಯನ್ನು ಬಿಟ್ಟು, ಆಹಾರಕ್ಕೇ ತತ್ವಾರವಿದ್ದ ಜರ್ಮನಿಗೆ ಹಿಂದಿರುಗಿದ ಅವರ ಕೈಯಲ್ಲಿ ಬ್ರೆಸ್ಲಾವ್ ಮತ್ತೆ ಯುರೋಪಿನ ಚರ್ಮರೋಗ ಶಿಕ್ಷಣದ ಮುಖ್ಯ ಕೇಂದ್ರವಾಯಿತು. ದೂರದೇಶಗಳಿಂದ ಯುವ ವೈದ್ಯರು ಅಲ್ಲಿಗೆ ಬರುತ್ತಿದ್ದರು. ಅವರ ಸಹೋದ್ಯೋಗಿ ವಿಲ್ಹೆಲ್ಮ್ ಫ್ರೈ 1925ರಲ್ಲಿ ಒಂದು ಲೈಂಗಿಕ ರೋಗದ ಪತ್ತೆಗೆ ಚರ್ಮಪರೀಕ್ಷೆಯನ್ನು ರೂಪಿಸಿದ್ದು ಇಲ್ಲಿಯೇ.

ಚರ್ಮ ಮತ್ತು ಲೈಂಗಿಕ ರೋಗಗಳ ಮಹಾಕೈಪಿಡಿಯ ಸಂಪಾದನೆ ಈ ಅವಧಿಯ ದೊಡ್ಡ ಕೆಲಸ. ಸ್ಪ್ರಿಂಗರ್ ಪ್ರಕಾಶನ 1927ರಿಂದ ಹೊರತಂದ ಈ ಗ್ರಂಥ 23 ಸಂಪುಟಗಳಷ್ಟು ಬೆಳೆಯಿತು. ಹಲವು ಸಂಪುಟಗಳಿಗೆ ಒಂದಕ್ಕಿಂತ ಹೆಚ್ಚು ಭಾಗಗಳಿದ್ದವು. ಅಂದಿನವರೆಗೆ ಆ ಶಾಸ್ತ್ರದಲ್ಲಿ ತಿಳಿದಿದ್ದುದೆಲ್ಲವನ್ನೂ ಒಂದೆಡೆ ತರುವ ಪ್ರಯತ್ನವಿದು. ಇಷ್ಟು ವಿಸ್ತಾರವಾದ ಗ್ರಂಥವನ್ನು ಪೂರ್ತಿ ಓದಿದವರು ವಿರಳವಿರಬಹುದು. ಆದರೆ ಹಳೆಯ ಪ್ರಕರಣಗಳ ಮೂಲ ಹುಡುಕುವವರಿಗೆ ಅದು ಈಗಲೂ ಆಕರವಾಗಿದೆ.

ಕೊನೆಯ ವರ್ಷಗಳು

ಯಾಡಸೋನ್ 1931ರಲ್ಲಿ ನಿವೃತ್ತರಾದರು. ಮ್ಯಾಕ್ಸ್ ಯೆಸ್ನರ್ ಅವರ ಉತ್ತರಾಧಿಕಾರಿಯಾದರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ವಿಶ್ವವಿದ್ಯಾಲಯಗಳಿಂದಲೂ ಸರ್ಕಾರಿ ಆಸ್ಪತ್ರೆಗಳಿಂದಲೂ ಯಹೂದಿ ವೈದ್ಯರನ್ನು ಹೊರಹಾಕಲಾಯಿತು. ಜರ್ಮನಿಯ ಚರ್ಮರೋಗ ತಜ್ಞರಲ್ಲಿ ಯಹೂದಿಗಳ ಪ್ರಮಾಣ ಇತರ ವೈದ್ಯಶಾಖೆಗಳಿಗಿಂತ ಹೆಚ್ಚಾಗಿದ್ದುದರಿಂದ ಈ ಶಾಸ್ತ್ರಕ್ಕೆ ಬಿದ್ದ ಪೆಟ್ಟೂ ದೊಡ್ಡದು. ಯೆಸ್ನರ್ ಹುದ್ದೆ ಕಳೆದುಕೊಂಡು ಸ್ವಿಟ್ಜರ್ಲೆಂಡಿನ ಮೂಲಕ ಅಮೆರಿಕಕ್ಕೆ ಹೋದರು. ಬರ್ಲಿನ್‌ಗೆ ಹೋಗಿ ನೆಲೆಸಿದ್ದ ಫ್ರೈ ಕೂಡ ದೇಶ ಬಿಟ್ಟು 1943ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಎರಡು ತಲೆಮಾರುಗಳ ಗುರುಶಿಷ್ಯರು ಕಟ್ಟಿದ್ದ ಬ್ರೆಸ್ಲಾವ್ ಪರಂಪರೆ ಕೆಲವೇ ವರ್ಷಗಳಲ್ಲಿ ಚದುರಿಹೋಯಿತು. ನಗರವೂ 1945ರ ನಂತರ ಪೋಲೆಂಡಿನ ವ್ರೋತ್ಸ್ವಾಫ್ ಆಯಿತು.

ಯಾಡಸೋನ್ ತಮ್ಮ ಕೊನೆಯ ವರ್ಷಗಳನ್ನು ಜ್ಯೂರಿಕ್ ನಗರದಲ್ಲಿ ಕಳೆದು, 1936ರ ಮಾರ್ಚ್ 24ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು.

ಹೆಸರಿನ ಗೊಂದಲ

ಅವರ ಮಗ ವೆರ್ನರ್ ಯಾಡಸೋನ್ ಕೂಡ ಚರ್ಮರೋಗ ತಜ್ಞರಾಗಿ ಜಿನೀವಾದಲ್ಲಿ ಪ್ರಾಧ್ಯಾಪಕರಾಗಿದ್ದರು. ಬೆರಳಚ್ಚುಗಳೇ ಇಲ್ಲದಿರುವುದು, ಬೆವರು ಕಡಿಮೆಯಾಗುವುದು ಮತ್ತು ಚರ್ಮದ ಮೇಲೆ ಬಲೆಯಂತಹ ಕಪ್ಪುಗೆರೆಗಳು ಮೂಡುವುದು ಲಕ್ಷಣಗಳಾಗಿರುವ ನೇಗೆಲಿ–ಫ್ರಾನ್ಸೆಸ್ಕೆಟ್ಟಿ–ಯಾಡಸೋನ್ ಸಿಂಡ್ರೋಮ್ ಎಂಬ ವಂಶವಾಹಿ ಕಾಯಿಲೆಯ ಹೆಸರಿನಲ್ಲಿರುವುದು ತಂದೆಯಲ್ಲ, ಮಗ. ಬರ್ನ್‌ನಲ್ಲಿ ಜೋಸೆಫ್ ಅವರ ಸ್ಥಾನಕ್ಕೆ ಬಂದ ಓಸ್ಕರ್ ನೇಗೆಲಿ 1927ರಲ್ಲಿ ಒಂದು ಕುಟುಂಬದಲ್ಲಿ ಈ ಕಾಯಿಲೆಯನ್ನು ಗುರುತಿಸಿದ್ದರು. ಅದೇ ಕುಟುಂಬವನ್ನು ವೆರ್ನರ್ ಮತ್ತು ಫ್ರಾನ್ಸೆಸ್ಕೆಟ್ಟಿ 1954ರಲ್ಲಿ ಮತ್ತೆ ಪರೀಕ್ಷಿಸಿದರು.